ಕಿಡ್ನಿಯ ಸುತ್ತ ಇರುವ ನೀರೆಲ್ಲ ಮೂತ್ರವಲ್ಲ

"ಸಾರ್, ಮೊದಲು ಆ ನೀರು ತೆಗೆದುಬಿಡಿ." ದಾವಣಗೆರೆ ಕಡೆಯ ರೈತರೊಬ್ಬರು ಕೂರುವ ಮುಂಚೆಯೇ ಹೇಳಿದರು. ಎರಡೂ ಕಿಡ್ನಿಯಲ್ಲಿ ನೀರು ತುಂಬಿದೆ ಎಂದು ಸ್ಕ್ಯಾನಿಂಗ್ ರಿಪೋರ್ಟ್‌ನಲ್ಲಿತ್ತು. ಬೇರೆ ಕಡೆ ಮೂತ್ರನಾಳಕ್ಕೆ ಸ್ಟೆಂಟ್ ಅನ್ನುವ ಸಣ್ಣ ಕೊಳವೆ ಹಾಕಿಸಿಕೊಂಡಿದ್ದರು. ಉರಿಮೂತ್ರ ಶುರುವಾಗಿತ್ತು. ನೀರು ಮಾತ್ರ ಹಾಗೇ ಇತ್ತು.

ಸ್ಟೆಂಟ್ ಮೂತ್ರಕ್ಕೆ ದಾರಿ ಮಾಡುತ್ತದೆ. ಇವರ ನೀರು ಮೂತ್ರವೇ ಅಲ್ಲ. ಕಿಡ್ನಿಯಿಂದ ದುಗ್ಧರಸವೂ, ಅಂದರೆ ರಕ್ತನಾಳಗಳಿಂದ ಜಿನುಗಿ ಸೇರುವ ತಿಳಿ ದ್ರವವೂ (ಲಿಂಫ್), ಹೊರಗೆ ಹರಿಯಬೇಕು. ಅದರ ಸಣ್ಣ ನಾಳಗಳು ಬೆನ್ನಿನ ಕಡೆಯ ದೊಡ್ಡ ನಾಳಗಳಿಗೆ ಸರಿಯಾಗಿ ಕೂಡದಿದ್ದರೆ ರಸ ನಿಂತು, ನಾಳಗಳು ಹಿಗ್ಗಿ ಗುಳ್ಳೆಗಳಾಗುತ್ತವೆ. ರೀನಲ್ ಲಿಂಫಾಂಜಿಯೆಕ್ಟೇಸಿಯಾ ಎನ್ನುತ್ತೇವೆ. ಬಹಳ ಅಪರೂಪ. ಕ್ಯಾನ್ಸರ್ ಅಲ್ಲ.

ಅಲ್ಟ್ರಾಸೌಂಡ್‌ನಲ್ಲಿ ಎಲ್ಲ ನೀರೂ ಕಪ್ಪಗೇ ಕಾಣುತ್ತದೆ. ಮೂತ್ರ ಕಟ್ಟಿಕೊಂಡಿದೆ ಅಂತಲೋ, ವಂಶದಲ್ಲಿ ಬರುವ, ಕಿಡ್ನಿ ತುಂಬ ನೀರುಗುಳ್ಳೆಗಳಾಗುವ ಪಾಲಿಸಿಸ್ಟಿಕ್ ಕಿಡ್ನಿ ಅಂತಲೋ ಬರೆದುಬಿಡುವುದು ಸುಲಭ. ಅದಕ್ಕೇ ಡೈ ಕೊಟ್ಟು ಸಿಟಿ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಚಿತ್ರ ತೆಗೆಯಬೇಕು. ಮೂತ್ರವಾದರೆ ಡೈ ಅದರೊಳಗೆ ಬಂದು ಬೆಳ್ಳಗೆ ಕಾಣುತ್ತದೆ. ಇವರಲ್ಲಿ ಡೈ ಕಿರಿದಾದ ಮೂತ್ರದ ದಾರಿಯಲ್ಲಿ ಇಳಿದುಹೋಯಿತು, ಸುತ್ತಲಿನ ನೀರು ಕಪ್ಪಗೇ ಉಳಿಯಿತು. ಕಿಡ್ನಿ ಕೆಲಸ ಕಡಿಮೆ ಇರುವವರಿಗೆ ಎಂಆರ್‌ಐ ಯೋಚಿಸುತ್ತೇವೆ. ಆಮೇಲೂ ಅನುಮಾನವಿದ್ದರೆ ಸೂಜಿಯಲ್ಲಿ ಸ್ವಲ್ಪ ತೆಗೆದು ನೋಡುತ್ತೇವೆ. ದುಗ್ಧರಸವಾದರೆ ಅದರಲ್ಲಿ ಕ್ರಿಯೇಟಿನಿನ್ (ಕಿಡ್ನಿ ಮೂತ್ರದಲ್ಲಿ ಹೊರಹಾಕುವ ಕಸ) ರಕ್ತದಷ್ಟೇ ಇರುತ್ತದೆ. ಮೂತ್ರವಾದರೆ ಎಷ್ಟೋ ಪಟ್ಟು ಜಾಸ್ತಿ.

ಇಷ್ಟು ಹೇಳಿದ ಮೇಲೂ ಅವರು, "ಯಾವ ನೀರಾದರೇನು ಸಾರ್, ತೆಗೆದರೆ ಆಯ್ತಲ್ವಾ?" ಎಂದರು. ಹೆಚ್ಚುಕಮ್ಮಿ ಎಲ್ಲರೂ ಕೇಳುವ ಪ್ರಶ್ನೆ ಇದೇ.

"ನಿಮ್ಮ ಅಡಿಕೆ ತೋಟದ ಬಸಿಗಾಲುವೆ ಮುಚ್ಚಿಹೋಗಿದೆ. ಮೋಟರ್ ಇಟ್ಟು ನೀರು ಎತ್ತಿದರೆ ಎಷ್ಟು ದಿನ ಒಣಗಿರುತ್ತದೆ?"

"ಮತ್ತೆ ಜವುಳೇ."

ಇಲ್ಲೂ ಹಾಗೇ. ತೆಗೆದ ನೀರು ಮತ್ತೆ ತುಂಬಿಕೊಳ್ಳುವುದು ಸಾಮಾನ್ಯ. ಪ್ರತಿ ಸಲ ಸೂಜಿ ಹಾಕಿದಾಗಲೂ ಸೋಂಕಿನ ಭಯ. ತೊಂದರೆ ಕೊಡದ ನೀರನ್ನು ಸುಮ್ನೆ ಬಿಡುವುದೂ ಚಿಕಿತ್ಸೆಯೇ. ದಯವಿಟ್ಟು ನಂಬಿ. ನೋವು ಜಾಸ್ತಿಯಾದರೆ, ನೀರು ಅಕ್ಕಪಕ್ಕ ಒತ್ತಿದರೆ, ಸೋಂಕಾದರೆ ಮಾತ್ರ ತೆಗೆಯುವ ಮಾತು. ಕೆಲವರಿಗೆ ಮೂತ್ರ ಜಾಸ್ತಿ ಮಾಡಿಸುವ ಮಾತ್ರೆ ಸಾಕಾಗಬಹುದು. ಕಿಡ್ನಿಯನ್ನೇ ತೆಗೆಸುವ ಮಾತು ಯಾರಾದರೂ ಎತ್ತಿದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳಿ.

ನನ್ನ ನಿಜವಾದ ಚಿಂತೆ ಬಿಪಿ. ನೀರು ಕಿಡ್ನಿಯನ್ನು ಅಮುಕಿದರೆ ಬಿಪಿ ಏರಬಹುದು. ಏರಿದ ಬಿಪಿಯನ್ನು ಹಾಗೇ ಬಿಟ್ಟರೆ ಕಿಡ್ನಿ ನಿಧಾನಕ್ಕೆ ಹಾಳಾಗುತ್ತದೆ. ಈ ತೊಂದರೆ ಇರುವ ಹೆಣ್ಣುಮಕ್ಕಳು ಬಸಿರಾಗುವ ಮುಂಚೆಯೇ ನಮಗೆ ತಿಳಿಸಬೇಕು, ಆಗ ಈ ನೀರು ಹೆಚ್ಚುವುದುಂಟು.

ಆ ರೈತರ ಸ್ಟೆಂಟ್ ತೆಗೆದೆವು. ಬಿಪಿಗೆ ಒಂದು ಮಾತ್ರೆ, ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್. ಬಂದಾಗಲೆಲ್ಲ "ನೀರು ಎಷ್ಟಿದೆ ಸಾರ್?" ಅನ್ನುತ್ತಿದ್ದರು. ಹೋದ ಸಲ ಮಾತ್ರ ಬಂದವರೇ ತೋಳು ಚಾಚಿ, "ಮೊದಲು ಬಿಪಿ ನೋಡಿ" ಎಂದರು.