ಹೈಡ್ರೋಲಾಕ್: ಇಂಜಿನ್ ನೀರು ಕುಡಿದಾಗ

ತುಂಗಭದ್ರಾ ಡ್ಯಾಮಿನಿಂದ ಹೊಳೆಗೆ ನೀರು ಬಿಟ್ಟರೆ ಕಂಪ್ಲಿ ಸೇತುವೆ ಮುಳುಗುವುದು ನಮ್ಮ ಕಡೆ ಹೊಸ ಸುದ್ದಿಯಲ್ಲ. ನೀರಿಗಿಳಿದು ನಿಂತ ಕಾರು ನೋಡಿ ಗ್ಯಾರೇಜಿನವರು ‘ಇಂಜಿನ್ ನೀರು ಕುಡದೈತ್ರೀ’ ಅನ್ನುತ್ತಾರೆ. ಇನ್ಶೂರೆನ್ಸ್ ಕಾಗದದಲ್ಲಿ ಅದೇ ‘ಹೈಡ್ರೋಸ್ಟ್ಯಾಟಿಕ್ ಲಾಕ್’, ಮೊಟಕಾಗಿ ಹೈಡ್ರೋಲಾಕ್. ಹೈಡ್ರೋ ಎಂದರೆ ಗ್ರೀಕಿನಲ್ಲಿ ನೀರು. ನನಗೆ ಗ್ಯಾರೇಜಿನ ಮಾತೇ ಸರಿ ಅನ್ನಿಸುತ್ತದೆ: ನೀರು ಹೊಗುವುದು ಇಂಜಿನ್ ಗಾಳಿ ಎಳೆಯುವ ಬಾಯಿಂದ, ಏರ್ ಫಿಲ್ಟರ್ ದಾಟಿಕೊಂಡು.

ಸೂಜಿ ತೆಗೆದ ಸಿರಿಂಜಿನಲ್ಲಿ ಗಾಳಿ ತುಂಬಿ, ತುದಿಗೆ ಬೆರಳೊತ್ತಿ ಹಿಂದಿನಿಂದ ಒತ್ತಿ ನೋಡಿ. ದಂಡ ಅರ್ಧ ಒಳಗೆ ಹೋಗುತ್ತದೆ. ನೀರು ತುಂಬಿ ಒತ್ತಿ, ಅಲ್ಲಾಡುವುದಿಲ್ಲ. ಇಂಜಿನ್ನಿನಲ್ಲಿ ಆ ದಂಡದ ಕೆಲಸ ಪಿಸ್ಟನ್ನಿನದು. ಪೆಟ್ರೋಲ್ ಇಂಜಿನ್ನಿನ ಪಿಸ್ಟನ್ ಗಾಳಿಯನ್ನು ಸುಮಾರು 10ನೇ ಒಂದು ಪಾಲಿಗೆ ಹಿಂಡುತ್ತದೆ, ಡೀಸೆಲ್ಲಿನದು ಇನ್ನೂ ಹೆಚ್ಚು. ಮೇಲೆ ಉಳಿಯುವ ಆ ಇಷ್ಟೇ ಜಾಗಕ್ಕಿಂತ ಹೆಚ್ಚು ನೀರಿದ್ದರೆ ಪಿಸ್ಟನ್ ನಡುದಾರಿಯಲ್ಲೇ ನಿಲ್ಲಬೇಕು. ಪಿಸ್ಟನ್ನಿನ ಏರಿಳಿತವನ್ನು ತಿರುಗಾಟವಾಗಿಸುವ ಕೆಳಗಿನ ಕ್ರ್ಯಾಂಕ್ ಮಾತ್ರ ತಿರುಗುತ್ತಲೇ ಇರುತ್ತದೆ. ಎರಡನ್ನೂ ಜೋಡಿಸುವ ಕನೆಕ್ಟಿಂಗ್ ರಾಡ್ ನಡುವೆ ಸಿಕ್ಕು ಬಾಗುತ್ತದೆ.

ಇದನ್ನು ‘ಸೀಜ್’ ಅನ್ನುವವರಿದ್ದಾರೆ. ಅದು ಬೇರೆ, ಆಯಿಲ್ ಇಲ್ಲದೆ ಕಾದು ಕಚ್ಚಿಕೊಳ್ಳುವುದು.

ಬಳ್ಳಾರಿಯ ಒಂದು ರೈಲ್ವೆ ಅಂಡರ್‌ಬ್ರಿಡ್ಜಿನ ನೀರಲ್ಲಿ ನಮ್ಮ ಭಾವನ ಕಾರು ನಿಂತಿತು. ನಿಂತಾಗ ಬಹುಶಃ ಏನೂ ಕೆಟ್ಟಿರಲಿಲ್ಲ. ತಳ್ಳಿ ಮೇಲೆ ತಂದ ಹುಡುಗರು ‘ಒಂದ್ ಸಲ ಸೆಲ್ಫ್ ಹೊಡೀರಿ ಸರ’ ಅಂದರು, ಭಾವ ಹೊಡೆದರು. ‘ಟಕ್’ ಅಂತ ಒಂದೇ ಸದ್ದು.

ಮಾಡಬೇಕಿದ್ದದ್ದು ಇಷ್ಟೆ: ಚಾವಿ ಮುಟ್ಟದೆ, ಬ್ಯಾಟರಿಯ ನೆಗೆಟಿವ್ ವೈರ್ ಕಳಚಿ, ಗಾಡಿ ಎಳೆಸಿಕೊಂಡು ಹೋಗುವುದು. ಮೇಸ್ತ್ರಿ ಏರ್ ಫಿಲ್ಟರ್ ಒದ್ದೆಯಾಗಿದೆಯೇ ನೋಡುತ್ತಾನೆ. ಆಯಿಲ್ ಅಳೆಯುವ ಕಡ್ಡಿ, ಡಿಪ್‌ಸ್ಟಿಕ್ಕಿನ ಆಯಿಲ್ ಹಾಲು ಹೆಚ್ಚಾದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಕೆಳಗೂ ನೀರು ಇಳಿದಿದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಸ್ಪ್ಯಾನರ್ ಹಾಕಿ ಕೈಯಲ್ಲೇ ಕ್ರ್ಯಾಂಕ್ ತಿರುಗಿಸಿದರೆ ಆ ತೂತುಗಳಿಂದ ನೀರು ಚಿಮ್ಮುತ್ತದೆ. ಆಮೇಲೆ ಆಯಿಲ್, ಫಿಲ್ಟರ್ ಹೊಸದು, ಸ್ವಲ್ಪ ಓಡಿಸಿ ಮತ್ತೊಮ್ಮೆ ಆಯಿಲ್. ಹೊಳೆನೀರಾದರೆ ಎರಿಮಣ್ಣಿನ ರಾಡಿಯೂ ಬಂದಿರುತ್ತದೆ, ತೊಳೆಯುವ ಕೆಲಸ ದೊಡ್ಡದು. ಸಾಮಾನ್ಯ ಪಾಲಿಸಿ ಹೈಡ್ರೋಲಾಕಿಗೆ ಹೆಚ್ಚಾಗಿ ದುಡ್ಡು ಕೊಡುವುದಿಲ್ಲ, ‘ಇಂಜಿನ್ ಪ್ರೊಟೆಕ್ಷನ್’ ಬೇರೆಯಾಗಿ ಸೇರಿಸಿರಬೇಕು. ಭಾವ ಸೇರಿಸಿರಲಿಲ್ಲ.

ಮೇಸ್ತ್ರಿ ನೀರು ತೆಗೆದ ಮೇಲೆ ಅವರ ಕಾರು ಓಡಿತು, ಒಂದು ಸಣ್ಣ ಲೊಟಲೊಟ ಸದ್ದಿನೊಂದಿಗೆ. ಬಾಗಿದ ರಾಡ್ ಹೀಗೆ ಕೆಲವು ದಿನ ಓಡಿ, ಆಮೇಲೆ ಮುರಿದು ಇಂಜಿನ್ನಿನ ಮೈಯನ್ನೇ, ಅಂದರೆ ಬ್ಲಾಕನ್ನು, ಒಡೆಯುವುದುಂಟು. ಅವರದು ಅಷ್ಟಕ್ಕೆ ಹೋಗುವ ಮೊದಲೇ ಬಿಚ್ಚಿಸಿದೆವು. ರಾಡ್ ಕೈಯಲ್ಲಿ ಹಿಡಿದರೆ ನೆಟ್ಟಗೇ ಕಂಡಿತು. ಗಾಜಿನ ಮೇಲೆ ಮಲಗಿಸಿದಾಗ ಒಂದು ತುದಿ, ಉಗುರು ತೂರುವಷ್ಟು, ಎದ್ದೇ ಇತ್ತು.