ದೊಡ್ಡ ಟೈರು ಹಾಕಿದ ಪಿಕಪ್‌ಗೆ ಆಕ್ಸಲ್ ರೇಶಿಯೋ: ಎಫ್-150 ಹಿಡಿದು ಒಂದು ಲೆಕ್ಕ

ಪಿಕಪ್‌ಗೆ ದೊಡ್ಡ ಟೈರು ಹಾಕಿದರೆ ಎಳೆತ ತಗ್ಗುತ್ತದೆ. ಅದನ್ನು ವಾಪಸ್ ತರೋಕೆ ಆಕ್ಸಲ್ ಗೇರು ಬದಲಾಯಿಸುತ್ತಾರೆ, ಯಾವ ನಂಬರು ಹಾಕಿಸಬೇಕು ಅನ್ನುವುದೇ ಇಲ್ಲಿನ ಲೆಕ್ಕ. ಆಕ್ಸಲ್ ರೇಶಿಯೋ 3.55 ಅಂದರೆ ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸಿನಿಂದ ಆಕ್ಸಲ್‌ಗೆ ಬರುವ ಉದ್ದ ಕಂಬಿ) 3.55 ಸುತ್ತು ಸುತ್ತಿದಾಗ ಚಕ್ರ ಒಂದು ಸುತ್ತು ಸುತ್ತುತ್ತದೆ. 4.10 ಆದರೆ ಅದೇ ಒಂದು ಸುತ್ತಿಗೆ ಶಾಫ್ಟ್ 4.10 ಸಲ ತಿರುಗಬೇಕು. ನಂಬರು ದೊಡ್ಡದಾದಷ್ಟೂ ಎಳೆತ ಜಾಸ್ತಿ, ಅದೇ ವೇಗಕ್ಕೆ ಎಂಜಿನ್ ಸುತ್ತುವುದೂ ಜಾಸ್ತಿ. ಬಳಕೆಯ ಮಾತಿನಲ್ಲಿ ಇದಕ್ಕೆ 'ಲೋ ಗೇರ್' ಅನ್ನುತ್ತಾರೆ. ನಂಬರು ಮೇಲೆ ಹೋದರೆ ಗೇರು ಕೆಳಗೆ ಬಂತು ಅನ್ನುವ ಈ ಮಾತು ನನ್ನ ತಲೆಗೆ ಹತ್ತೋಕೆ ಎರಡು ದಿನ ಬೇಕಾಯ್ತು. ಅದಕ್ಕೇ ಇಲ್ಲಿ ಹೈ, ಲೋ ಬಿಟ್ಟು ಬರೀ ನಂಬರನ್ನೇ ಹೇಳುತ್ತೇನೆ.

ನಂಬರು ಬರುವುದು ಹಲ್ಲಿನ ಎಣಿಕೆಯಿಂದ. ಆಕ್ಸಲ್ ನಡುವಿನ ಡಿಫರೆನ್ಶಿಯಲ್ ಒಳಗೆ ದೊಡ್ಡದೊಂದು ಕ್ರೌನ್ ಗೇರು, ಅದಕ್ಕೆ ಕಚ್ಚಿಕೊಂಡು ಚಿಕ್ಕದೊಂದು ಪಿನಿಯನ್. ಕ್ರೌನ್‌ಗೆ 41 ಹಲ್ಲು, ಪಿನಿಯನ್‌ಗೆ 11 ಇದ್ದರೆ 3.73. ಪಿನಿಯನ್ ಹಲ್ಲು 10ಕ್ಕೆ ಇಳಿದರೆ 4.10, 9ಕ್ಕೆ ಇಳಿದರೆ 4.56. ಗಮನಿಸಿದಿರಾ? ರೇಶಿಯೋ ಏರುತ್ತಾ ಹೋದಂತೆ ಪಿನಿಯನ್ ಸಣ್ಣದಾಗುತ್ತಾ ಹೋಗುತ್ತದೆ. ಒಂದೇ ಸಲಕ್ಕೆ ಕಚ್ಚಿಕೊಳ್ಳುವ ಹಲ್ಲುಗಳೂ ಕಮ್ಮಿ, ಬಲವೂ ಕಮ್ಮಿ. 'ಇರಲಿ, ಇನ್ನೊಂದು ಮೆಟ್ಟಿಲು ಜಾಸ್ತಿಯೇ ಹಾಕಿಸೋಣ' ಅನ್ನುವ ಮುಂಚೆ ಇದು ನೆನಪಿರಲಿ.

ನಿಮ್ಮ ಗಾಡಿಯಲ್ಲಿ ಈಗ ಯಾವ ನಂಬರು ಇದೆ? ಬಾಗಿಲ ಕಂಬದ ಸ್ಟಿಕ್ಕರಿನಲ್ಲಿ ಆಕ್ಸಲ್ ಕೋಡ್ ಇರುತ್ತದೆ. ಹಳೇ ಗಾಡಿಯಾದರೆ ಯಾರೋ ಬದಲಾಯಿಸಿರಬಹುದು, ಕೈಯಾರೆ ಎಣಿಸುವುದೇ ಗ್ಯಾರಂಟಿ. ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಹಿಂದಿನ ಒಂದೇ ಚಕ್ರ ಜಾಕ್ ಮೇಲೆತ್ತಿ, ಸ್ಟ್ಯಾಂಡ್ ಕೊಡಿ. ಗಾಡಿ ಟೂ-ವೀಲ್ ಡ್ರೈವ್‌ನಲ್ಲಿ, ನ್ಯೂಟ್ರಲ್‌ನಲ್ಲಿ ಇರಲಿ, ಹ್ಯಾಂಡ್‌ಬ್ರೇಕ್ ಬಿಡಿ. ಟೈರಿಗೂ ಶಾಫ್ಟಿಗೂ ಒಂದೊಂದು ಸೀಮೆಸುಣ್ಣದ ಗೆರೆ. ಈಗ ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ, ಶಾಫ್ಟ್ ಎಷ್ಟು ಸುತ್ತಿತು ನೋಡಿ. ಮೂರೂವರೆಗಿಂತ ಒಂದು ಕೂದಲು ಜಾಸ್ತಿ ಬಂದರೆ 3.55. ಎರಡು ಸುತ್ತು ಯಾಕೆ ಅಂದರೆ, ಇನ್ನೊಂದು ಚಕ್ರ ನೆಲ ಕಚ್ಚಿ ನಿಂತಿದೆ. ಆಗ ಡಿಫರೆನ್ಶಿಯಲ್ ಚಕ್ರದ ಅರ್ಧ ವೇಗದಲ್ಲಿ ಮಾತ್ರ ತಿರುಗುತ್ತದೆ. ಇದು ಮಾಮೂಲಿ ಓಪನ್ ಡಿಫರೆನ್ಶಿಯಲ್‌ಗೆ ಮಾತ್ರ. ಎರಡು ಚಕ್ರ ಬೇರೆ ಬೇರೆ ವೇಗಕ್ಕೆ ಸುತ್ತದಂತೆ ತಡೆಯುವ ಲಿಮಿಟೆಡ್ ಸ್ಲಿಪ್ ಇದ್ದರೆ ಚಕ್ರ ಅಲ್ಲಾಡುವುದೇ ಕಷ್ಟ.

ಈಗ ಲೆಕ್ಕಕ್ಕೆ ಬರೋಣ. ಅಮೆರಿಕದ 2011ರ ಫೋರ್ಡ್ ಎಫ್-150 ತಗೊಳ್ಳಿ. 5.0 ಲೀಟರ್ ವಿ8 ಎಂಜಿನ್, ಆರು ಗೇರಿನ 6ಆರ್80 ಆಟೋಮ್ಯಾಟಿಕ್, ಆಕ್ಸಲ್ 3.55, ಟೈರು 275/65ಆರ್18. 275 ಅನ್ನುವುದು ಟೈರಿನ ಅಗಲ, ಮಿ.ಮೀ. ಲೆಕ್ಕದಲ್ಲಿ. ಪಕ್ಕೆಯ ಎತ್ತರ ಅದರ ಶೇ. 65, ಅಂದರೆ 178.75 ಮಿ.ಮೀ. ಮೇಲೊಂದು ಕೆಳಗೊಂದು ಸೇರಿ 357.5. ಅದಕ್ಕೆ 18 ಇಂಚಿನ ರಿಮ್ಮಿನ 457.2 ಕೂಡಿಸಿದರೆ ವ್ಯಾಸ 814.7 ಮಿ.ಮೀ., ಹತ್ತಿರ ಹತ್ತಿರ 32 ಇಂಚು.

ಇದಕ್ಕೆ 35 ಇಂಚಿನ ಟೈರು ಹಾಕಬೇಕು. ನಾನು ಮೊದಲ ಸಲ ಲೆಕ್ಕ ತಪ್ಪಿದ್ದು ಇಲ್ಲೇ. ಪಕ್ಕೆ ಮೇಲೆ 35 ಅಂತ ಇದೆಯಲ್ಲ ಅಂತ ಅದನ್ನೇ ಹಿಡಿದೆ. ಅಳೆದು ನೋಡಿದರೆ ಇಂಥ ಟೈರುಗಳು ಸಾಮಾನ್ಯವಾಗಿ ಅರ್ಧ ಇಂಚಿನಷ್ಟು ಕಮ್ಮಿ ಇರುತ್ತವೆ. 34.5 ಅಂತಿಟ್ಟುಕೊಳ್ಳೋಣ, 876 ಮಿ.ಮೀ. ಗಾಡಿಯ ಭಾರ ಬಿದ್ದಾಗ ಇನ್ನೂ ಒಂಚೂರು ತಗ್ಗುತ್ತದೆ. ಹಳೇದು, ಹೊಸದು ಎರಡನ್ನೂ ಒಂದೇ ರೀತಿಯಲ್ಲಿ ಅಳೆದರೆ ಸಾಕು, ಹೋಲಿಕೆ ಕೆಡುವುದಿಲ್ಲ.

876ನ್ನು 814.7ರಿಂದ ಭಾಗಿಸಿದರೆ 1.075. ಅಂದರೆ ಗಾಡಿಯ ಎಳೆತದಲ್ಲಿ ಶೇ. 7ರಷ್ಟು ಹೋಯಿತು. 3.55ನ್ನು 1.075ರಿಂದ ಭಾಗಿಸಿ: 3.30. ತಮಾಷೆ ನೋಡಿ, ಫೋರ್ಡ್ ಇದೇ ಪಿಕಪ್‌ಗೆ 3.31 ಆಕ್ಸಲ್ ಕೂಡ ಕೊಟ್ಟಿದೆ, ಪೆಟ್ರೋಲ್ ಉಳಿತಾಯಕ್ಕೆ. ದೊಡ್ಡ ಟೈರು ಹಾಕಿದವರು ದುಡ್ಡು ಕೊಟ್ಟು ಗಾಡಿಯನ್ನು ಆ ಸಾಧು ರೇಶಿಯೋಗೆ ತಂದುಕೊಂಡ ಹಾಗಾಯ್ತು. ಹಳೇ ಎಳೆತ ವಾಪಸ್ ಬೇಕಾದರೆ 3.55 × 1.075 = 3.82 ಬೇಕು. 3.82 ಅಂಗಡಿಯಲ್ಲಿ ಸಿಗಲ್ಲ. ಸಿಗುವುದು 3.73, ಅದು ಬಿಟ್ಟರೆ 4.10.

ಎರಡರಲ್ಲಿ ಹತ್ತಿರದ್ದು 3.73. ಹಾಗಂತ ಅದನ್ನೇ ತಗೊಳ್ಳಬೇಡಿ. ಯಾಕೆ ಅನ್ನುವುದಕ್ಕೆ ಹೆದ್ದಾರಿಯಲ್ಲಿ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತುತ್ತದೆ, ಅಂದರೆ ಆರ್‌ಪಿಎಂ ನೋಡಬೇಕು. ಸೂತ್ರ ಇಷ್ಟೇ:

ಆರ್‌ಪಿಎಂ = ವೇಗ × 5305 × ಆಕ್ಸಲ್ ರೇಶಿಯೋ × ಗೇರ್ ರೇಶಿಯೋ ÷ ಟೈರಿನ ವ್ಯಾಸ

ವೇಗ ಗಂಟೆಗೆ ಕಿ.ಮೀ., ವ್ಯಾಸ ಮಿ.ಮೀ. ಈ 5305 ಎಲ್ಲಿಂದ ಉದುರಿತು ಅಂತ ತಲೆ ಕೆಡಿಸಿಕೊಳ್ಳಬೇಡಿ. ಕಿ.ಮೀ.ಯನ್ನು ಮಿ.ಮೀ. ಮಾಡಿ, ಗಂಟೆಯನ್ನು ನಿಮಿಷ ಮಾಡಿ, ಪೈಯಿಂದ ಭಾಗಿಸಿದರೆ ಅದೇ ಬರುತ್ತದೆ.

6ಆರ್80ರ ಆರನೇ ಗೇರು 0.69, ಐದನೇದು 0.87. ಗಂಟೆಗೆ 105 ಕಿ.ಮೀ., ಅಂದರೆ ಅಲ್ಲಿಯ 65 ಮೈಲಿ, ಆರನೇ ಗೇರಿನಲ್ಲಿ:

ಹಳೇ ಟೈರು, 3.55: ಸುಮಾರು 1675
ಹೊಸ ಟೈರು, 3.55: 1557
ಹೊಸ ಟೈರು, 3.73: 1636
ಹೊಸ ಟೈರು, 4.10: 1798
ಹೊಸ ಟೈರು, 4.56: 2000

ಈ ಪಟ್ಟಿ ನೋಡಿ '118 ಆರ್‌ಪಿಎಂ ಕಮ್ಮಿಯಾದರೆ ಏನು ಮಹಾ' ಅನ್ನಿಸುತ್ತದೆ. ಮಹಾ ಇದೆ. ಈ ವಿ8ರ ಪೂರ್ತಿ ಟಾರ್ಕ್ (ತಿರುಗಿಸುವ ಬಲ) ಬರುವುದು 4250 ಆರ್‌ಪಿಎಂನಲ್ಲಿ. 1557ರಲ್ಲಿ ಅದು ಅರೆನಿದ್ದೆಯಲ್ಲಿರುತ್ತದೆ. ಮುಂದೆ ಸಣ್ಣ ಏರು ಸಿಕ್ಕರೂ ಗೇರ್‌ಬಾಕ್ಸ್ ಐದಕ್ಕೆ ಇಳಿಯುತ್ತದೆ, ಆಗ 1963. ಏರು ಮುಗಿದ ಕೂಡಲೇ ಆರಕ್ಕೆ ಹೋಗುತ್ತದೆ, ಮತ್ತೆ ಐದು, ಮತ್ತೆ ಆರು. 'ಗಾಡಿ ಎಳೀತಾ ಇಲ್ಲ' ಅನ್ನುವ ದೂರಿನ ಅರ್ಧ ಈ ಪರದಾಟವೇ. 4.10 ಹಾಕಿದರೆ ಆರನೇ ಗೇರಿನಲ್ಲೇ 1798 ಸಿಗುತ್ತದೆ, ಅಲ್ಲೇ ನಿಲ್ಲುವ ಸಾಧ್ಯತೆ ಜಾಸ್ತಿ. ಹಾಗಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆ 'ಹಳೇ ನಂಬರಿಗೆ ಯಾವುದು ಹತ್ತಿರ' ಅನ್ನುವುದಲ್ಲ. ನಾನು ದಿನಾ ಓಡಿಸುವ ವೇಗದಲ್ಲಿ ಯಾವ ರೇಶಿಯೋ ಗಾಡಿಯನ್ನು ಕೊನೇ ಗೇರಿನಲ್ಲಿ ಉಳಿಸುತ್ತದೆ, ಅದು ಪ್ರಶ್ನೆ.

ಇನ್ನೊಂದು ಕಾರಣ ತೂಕ. ಸೂತ್ರದಲ್ಲಿ ವ್ಯಾಸ ಇದೆ, ತೂಕ ಇಲ್ಲ. ದಪ್ಪ ಟೈರನ್ನು ನಿಂತ ಜಾಗದಿಂದ ತಿರುಗಿಸೋಕೇ ಶಕ್ತಿ ಬೇಕು. ಲೆಕ್ಕ 3.82 ಅಂದಾಗ ಕೆಳಗಿನದ್ದಕ್ಕಿಂತ ಮೇಲಿನದ್ದು ಮೇಲು ಅನ್ನುವುದು ಅದಕ್ಕೇ.

ಆದರೆ ಅದೇ ಎಫ್-150ರಲ್ಲಿ 3.5 ಲೀಟರ್ ಇಕೋಬೂಸ್ಟ್ ಟರ್ಬೊ ಇದ್ದರೆ ನನ್ನ ಉತ್ತರ ಬೇರೆ. ಅದರ ಪೂರ್ತಿ ಟಾರ್ಕ್ 2500ರಲ್ಲೇ ಬಂದುಬಿಡುತ್ತದೆ. ಟ್ರೇಲರ್ ಎಳೆಯದವರು 3.55ರಲ್ಲೇ ಇರಬಹುದು, ಸುಮ್ನೆ ಖರ್ಚು ಯಾಕೆ? ಪಕ್ಕದ ಮನೆಯವರು 4.56 ಹಾಕಿಸಿ ಖುಷಿಯಾಗಿದ್ದಾರೆ ಅನ್ನುವುದು ಕಾರಣವಲ್ಲ. ಅವರ ಎಂಜಿನ್ ಬೇರೆ, ಗೇರ್‌ಬಾಕ್ಸ್ ಬೇರೆ.

ಕಲ್ಲು ಬಂಡೆ ಹತ್ತುವವರಿಗೆ ಬೇರೆ ಲೆಕ್ಕ. ಮೊದಲ ಗೇರು 4.17, ಟ್ರಾನ್ಸ್‌ಫರ್ ಕೇಸಿನ (ನಾಲ್ಕೂ ಚಕ್ರಕ್ಕೆ ಬಲ ಹಂಚುವ ಪೆಟ್ಟಿಗೆ) ಫೋರ್-ಲೋ, ಅಂದರೆ ನಿಧಾನ ಓಟದ ಗೇರು, 2.64, ಆಕ್ಸಲ್ 3.55. ಗುಣಿಸಿದರೆ 39. ದೊಡ್ಡ ಟೈರು ಅದನ್ನು 36ಕ್ಕೆ ಇಳಿಸುತ್ತದೆ, 4.10 ಹಾಕಿದರೆ 42ಕ್ಕೆ ಏರುತ್ತದೆ. ಇಳಿಜಾರಿನಲ್ಲಿ ಬ್ರೇಕ್ ತುಳಿಯದೆ ಇಳಿಯುವಾಗ ಈ ವ್ಯತ್ಯಾಸ ಕಾಲಿಗೇ ಗೊತ್ತಾಗುತ್ತದೆ.

ಗಾಡಿ ಫೋರ್-ವೀಲ್ ಡ್ರೈವ್ ಆದರೆ ಖರ್ಚು ಎರಡು ಪಟ್ಟು. ಹಿಂದೆ ಬದಲಾಯಿಸಿದರೆ ಮುಂದೆಯೂ ಬದಲಾಯಿಸಲೇಬೇಕು. ಹಿಂದೆ 4.10, ಮುಂದೆ 3.55 ಬಿಟ್ಟು ನಾಲ್ಕೂ ಚಕ್ರ ಎಳೆಯುವ ಫೋರ್-ಹೈ ಹಾಕಿದರೆ ಎರಡು ಆಕ್ಸಲ್ ಎರಡು ವೇಗಕ್ಕೆ ಜಗ್ಗಾಡುತ್ತವೆ. ಕೆಸರಿನಲ್ಲಿ ಟೈರು ಜಾರಿ ಬಚಾವಾಗಬಹುದು, ಒಣ ರಸ್ತೆಯಲ್ಲಿ ಏನಾದರೊಂದು ಮುರಿಯುತ್ತದೆ. 3.54ಕ್ಕೆ 3.55 ಇದ್ದರೆ ತೊಂದರೆಯಿಲ್ಲ, ಅಷ್ಟು ಸಣ್ಣ ವ್ಯತ್ಯಾಸ ಟೈರೇ ನುಂಗಿಕೊಳ್ಳುತ್ತದೆ.

ಹಳೇ ಡಾನಾ 44 ಆಕ್ಸಲ್ ಇರುವ ಪಿಕಪ್ ಆದರೆ ಇನ್ನೊಂದು ಕಂಟಕ. ಕ್ರೌನ್ ಕೂರುವ ಕ್ಯಾರಿಯರ್ ಅದರಲ್ಲಿ ಎರಡು ಬಗೆ: 3.73ರವರೆಗೆ ಒಂದು, 3.92ರಿಂದ ಮೇಲಕ್ಕೆ ಇನ್ನೊಂದು. 3.73ರಿಂದ 4.10ಕ್ಕೆ ಹೋಗುವಾಗ ಗೇರಿನ ಜೊತೆ ಕ್ಯಾರಿಯರ್ ದುಡ್ಡನ್ನೂ ಎತ್ತಿಡಿ.

ಊರಿನಲ್ಲಿ ಇದನ್ನು ಓದುತ್ತಾ ಕೈ ತುರಿಸುತ್ತಿರುವವರಿಗೆ ಒಂದು ಮಾತು. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ. ಕಂಪನಿ ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಬರುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಲೆಕ್ಕ ಕಲಿಯೋಕೆ ಅಡ್ಡಿಯಿಲ್ಲ, ಟೈರು ಕೊಳ್ಳುವ ಮುಂಚೆ ವಿಚಾರಿಸಿ.

ಬ್ರೇಕ್ ಬಗ್ಗೆ ಚುಟುಕಾಗಿ: ದೊಡ್ಡ ಭಾರದ ಚಕ್ರ ನಿಲ್ಲಿಸುವುದು ಕಷ್ಟ, ಆಕ್ಸಲ್ ಗೇರು ಅದಕ್ಕೆ ಏನೂ ಮಾಡಲ್ಲ. ಸ್ಪೀಡೋಮೀಟರ್ ಕೂಡ ಸುಳ್ಳು ಹೇಳುತ್ತದೆ. ಟೈರು ಮಾತ್ರ ಬದಲಾಗಿದ್ದರೆ ಮುಳ್ಳು 100 ತೋರಿಸುವಾಗ ನೀವು ಹೋಗುತ್ತಿರುವುದು 107ರ ಮೇಲೆ. ವೇಗದ ಸೆನ್ಸರ್ ಗೇರ್‌ಬಾಕ್ಸಿನ ಹಿಂದೆ ಇದ್ದರೆ ಟೈರಿನ ಅಳತೆ, ಆಕ್ಸಲ್ ನಂಬರು ಎರಡನ್ನೂ ಗಾಡಿಯ ಕಂಪ್ಯೂಟರಿಗೆ ತಿಳಿಸಬೇಕು. ಇಲ್ಲದಿದ್ದರೆ ಗೇರ್ ಬದಲಾವಣೆಯೂ ಎಡವಟ್ಟಾಗುತ್ತದೆ.

ಕೆಲಸವನ್ನು ಮಾತ್ರ ಪಳಗಿದ ಕೈಗೇ ಕೊಡಿ. ಕ್ರೌನ್, ಪಿನಿಯನ್ ಹಲ್ಲಿನ ನಡುವೆ ಬಿಡುವ ಸಂದು ಸಾಮಾನ್ಯವಾಗಿ 0.15ರಿಂದ 0.25 ಮಿ.ಮೀ. ಹಲ್ಲಿಗೆ ಹಳದಿ ಪೇಸ್ಟ್ ಬಳಿದು ತಿರುಗಿಸಿ, ಎಲ್ಲಿ ಅಳಿಸಿದೆ ನೋಡಿ, ತೆಳು ಶಿಮ್ (ಲೋಹದ ಬಿಲ್ಲೆ) ಸೇರಿಸಿ ತೆಗೆದು ಕೂರಿಸುತ್ತಾರೆ. ತಪ್ಪಿದರೆ ಒಂದು ವೇಗದಲ್ಲಿ ಕುಂಯ್ ಅನ್ನುವ ಸದ್ದು ಶುರುವಾಗುತ್ತದೆ. ಹೊಸ ಗೇರು ಹಾಕಿದ ದಿನ ಹದಿನೈದಿಪ್ಪತ್ತು ನಿಮಿಷ ಮೆಲ್ಲಗೆ ಓಡಿಸಿ, ಪೂರ್ತಿ ಆರಲು ಬಿಡಿ, ಮತ್ತೆ ಹಾಗೇ ಮಾಡಿ. ಮೊದಲ 800 ಕಿ.ಮೀ. ಟ್ರೇಲರ್ ಕಟ್ಟಬೇಡಿ. ಅದು ಮುಗಿದ ಮೇಲೆ ಡಿಫರೆನ್ಶಿಯಲ್ ಆಯಿಲ್ ಬದಲಾಯಿಸಿ. ಹೊರಬಂದ ಆಯಿಲ್‌ನಲ್ಲಿ ಬೂದಿಯಂಥ ನುಣ್ಣನೆ ಪುಡಿ ಇದ್ದರೆ ಮಾಮೂಲು. ಬೆರಳಿಗೆ ಚುಚ್ಚುವಂಥ ಚೂರು ಸಿಕ್ಕರೆ ಗಾಡಿ ತಿರುಗಿಸಿ ಗ್ಯಾರೇಜಿಗೆ.