ಕಲಬುರಗಿ ಬಿಸಿಲಲ್ಲಿ ತಪ್ಪು ಫ್ಯಾಷನ್ನಿನದಲ್ಲ, ಅಸ್ತರಿನದು

"ಫ್ಯಾಷನ್ ಗೀಷನ್ ಬೇಡ ಮೇಡಂ, ಆರಾಮಾಗಿ ಇರೋ ಹಂಗ ಹೊಲಿದು ಕೊಡ್ರಿ." ಏಪ್ರಿಲ್ ಬಂತೆಂದರೆ ನಮ್ಮ ಟೈಲರಿಂಗ್ ಅಂಗಡಿಯಲ್ಲಿ ಈ ಮಾತು ಜಾಸ್ತಿ. ಹಾಗೆ ಹೇಳುವವರು ತಂದಿರುವ ಬಟ್ಟೆ ನೋಡಿದರೆ ಅಪ್ಪಟ ಪಾಲಿಯೆಸ್ಟರ್. ಮುಟ್ಟಿದರೆ ಮೆತ್ತಗೆ, ಇಸ್ತ್ರಿ ಬೇಕಿಲ್ಲ, ಬಣ್ಣ ಹೋಗಲ್ಲ. ಇದೇ ಆರಾಮ ಅಂತ ಅವರ ಲೆಕ್ಕ. ಅವರ ಹಿಂದೆಯೇ ಬರುವ ಕಾಲೇಜು ಹುಡುಗಿ ಮೊಬೈಲ್‌ನಲ್ಲಿ ಹೊಸ ಡಿಸೈನ್ ತೋರಿಸಿ, ಇದು ನನಗೆ ಕಾಟನ್‌ನಲ್ಲೇ ಬೇಕು ಅನ್ನುತ್ತಾಳೆ. ಮೇ ತಿಂಗಳ ಮಧ್ಯಾಹ್ನ ಸೂಪರ್ ಮಾರ್ಕೆಟ್ ಬಜಾರ್ ಸುತ್ತಿ ಬಂದಾಗ ಇಬ್ಬರಲ್ಲಿ ಯಾರು ಆರಾಮಾಗಿರುತ್ತಾರೆ ಅಂತ ಬೇರೆ ಹೇಳಬೇಕಾ?

ಫ್ಯಾಷನ್ನಾ, ಆರಾಮಾ ಅಂತ ಕೇಳುವುದೇ ನನಗೆ ಸರಿ ಕಾಣುವುದಿಲ್ಲ. ಫ್ಯಾಷನ್ ಇರುವುದು ಬಹುಪಾಲು ಕಣ್ಣಿಗೆ ಕಾಣುವ ಜಾಗದಲ್ಲಿ. ಮೈಗೆ ತಾಗುವುದು ಬಟ್ಟೆಯ ನೂಲು, ಒಳಗಿನ ಅಸ್ತರ್ ಅಂದರೆ ಲೈನಿಂಗ್, ಬಗಲಿನ (ಕಂಕುಳ ಹತ್ತಿರದ) ಕಟಿಂಗ್. ನಾವು ಕಾಣುವುದಕ್ಕೆ ದುಡ್ಡು ಸುರಿದು, ತಾಗುವುದರಲ್ಲಿ ಉಳಿಸಲು ಹೋಗುತ್ತೇವೆ. ಆಮೇಲೆ ಬೈಗುಳ ಮಾತ್ರ ಫ್ಯಾಷನ್‌ಗೆ.

ಅಸ್ತರಿನ ಮಾತೇ ತೆಗೆದುಕೊಳ್ಳಿ. ಜಾರ್ಜೆಟ್ ಬ್ಲೌಸ್ ಪೀಸ್, ತೋಳಿಗೆ ಜರಿ, ಬೆನ್ನಿಗೆ ಲಟಕನ್. ಒಳಗಡೆ? ಕಡಿಮೆ ರೇಟಿನ ಕ್ರೇಪ್ ಅಸ್ತರ್, ಅದೂ ಪಾಲಿಯೆಸ್ಟರ್. ನಮ್ಮಲ್ಲಿ ಮೇನಲ್ಲಿ 42-43 ಡಿಗ್ರಿ ಏನು ಹೊಸದಲ್ಲ. ಗಾಳಿ ಒಣ, ಹಾಗಾಗಿ ಬೆವರು ಬೇಗ ಆರಬೇಕು, ಆರಿದಂತೆ ಮೈ ತಣ್ಣಗಾಗಬೇಕು. ಆದರೆ ಬಟ್ಟೆ ಅದಕ್ಕೆ ದಾರಿ ಬಿಡಬೇಕಲ್ಲ. ಸಾಧಾರಣ ಹವೆಯಲ್ಲಿ ಸುಮ್ನೆ ಇಟ್ಟರೂ ಹತ್ತಿ ತನ್ನ ತೂಕದ ಸುಮಾರು ನೂರಕ್ಕೆ 8ರಷ್ಟು ತೇವ ಹಿಡಿದಿರುತ್ತದೆ. ಪಾಲಿಯೆಸ್ಟರ್ ನೂರಕ್ಕೆ ಒಂದಲ್ಲ, ಅರ್ಧ ಭಾಗವೂ ಹಿಡಿಯುವುದಿಲ್ಲ. ಬೆವರು ಬಟ್ಟೆಗೆ ಹೋಗದೆ ಮೈಮೇಲೇ ನಿಲ್ಲುತ್ತದೆ, ಬಟ್ಟೆ ಬೆನ್ನಿಗೆ ಅಂಟುತ್ತದೆ. ಆಟದ ಟೀ ಶರ್ಟ್‌ಗಳೂ ಪಾಲಿಯೆಸ್ಟರೇ ಅಲ್ವಾ ಅಂತ ಕೇಳುತ್ತಾರೆ. ಹೌದು, ಆದರೆ ಅವನ್ನು ಬೆವರು ಹೊರಗೆ ಎಳೆದು ಹರಡುವ ಹಾಗೆ ಹೆಣೆದಿರುತ್ತಾರೆ. ಬ್ಲೌಸಿನ ಅಗ್ಗದ ಅಸ್ತರ್‌ಗೆ ಆ ಭಾಗ್ಯ ಇಲ್ಲ.

ಅಸ್ತರ್‌ಗೆ ಕಾಟನ್ ಹಾಕಿ ಅಂತ ಟೈಲರ್‌ಗೆ ಬಾಯಿಬಿಟ್ಟು ಹೇಳಬೇಕು. ಟೂ ಬೈ ಟೂ ರುಬಿಯಾ ಅನ್ನುವ ತೆಳು ಬ್ಲೌಸ್ ಬಟ್ಟೆ ಎಲ್ಲ ಟೈಲರ್‌ಗಳಿಗೂ ಗೊತ್ತು. ದರದ ವ್ಯತ್ಯಾಸ ದೊಡ್ಡದಲ್ಲ, ಎರಡು ಪ್ಲೇಟ್ ಸುಸಲಾ ಮಿರ್ಚಿ ಬಿಟ್ಟರೆ ಆಯಿತು. ಕೆಲವು ಟೈಲರ್‌ಗಳು ಬೇಡ ಅನ್ನುವುದಕ್ಕೂ ಕಾರಣ ಇದೆ. ಕಾಟನ್ ನೀರಿಗೆ ಬಿದ್ದರೆ ಕುಗ್ಗುತ್ತದೆ. ನೆನೆಸದೆ ಹೊಲಿದರೆ ಮೊದಲ ಒಗೆತಕ್ಕೇ ಒಳಗಿನದು ಎಳೆದುಕೊಂಡು ಮೇಲಿನ ಬಟ್ಟೆ ನೆರಿಗೆ ಬೀಳುತ್ತದೆ. ಗಿರಾಕಿ ಬಂದು ಜಗಳ ತೆಗೆಯುತ್ತಾರೆ. ಆದ್ದರಿಂದ ಅಸ್ತರನ್ನು ರಾತ್ರಿ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿಯೇ ಟೈಲರ್ ಕೈಗೆ ಕೊಡಿ.

ಅಂಗಡಿಯವರು ಪ್ಯೂರ್ ಕಾಟನ್ ಅಂದರೆ ನಂಬಿ ಬಿಡಬೇಡಿ. ಅಂಚಿನಿಂದ ಎರಡು ಎಳೆ ಕಿತ್ತು, ಮನೆಯಲ್ಲಿ ಇಕ್ಕಳದಲ್ಲಿ ಹಿಡಿದು ಬೆಂಕಿಕಡ್ಡಿ ತೋರಿಸಿ. ಹತ್ತಿ ಕಾಗದ ಸುಟ್ಟ ವಾಸನೆ ಬಿಟ್ಟು ಉರಿಯುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಕುಗ್ಗುತ್ತದೆ, ತುದಿಯಲ್ಲಿ ಕಪ್ಪಗೆ ಗಟ್ಟಿ ಮಣಿ ಉಳಿಯುತ್ತದೆ. ಆರುವ ತನಕ ಮುಟ್ಟಬೇಡಿ, ಸುಡುತ್ತದೆ. ಮಿಕ್ಸ್ ಬಟ್ಟೆಯಾದರೆ ಉರಿಯುವುದೂ ಉಂಟು, ಮಣಿಯೂ ಉಂಟು. ಉದ್ದದ ಎಳೆ ಒಂದು, ಅಡ್ಡದ ಎಳೆ ಒಂದು ತೆಗೆಯಿರಿ. ಎರಡೂ ಬೇರೆ ಬೇರೆ ಇರುವ ಬಟ್ಟೆಗಳು ಬೇಕಾದಷ್ಟಿವೆ.

ಚೆಂದ ಮತ್ತು ಆರಾಮ ಎರಡನ್ನೂ ಒಂದೇ ಬಟ್ಟೆಯಲ್ಲಿ ಕೂರಿಸುವುದು ನಮ್ಮ ನೇಕಾರರಿಗೆ ಯಾವಾಗಲೋ ಗೊತ್ತಿತ್ತು. ಇಳಕಲ್ ಸೀರೆ ಬಿಡಿಸಿ ನೋಡಿ. ಹಳೆಯ ಪದ್ಧತಿಯದಾದರೆ ಮೈಯ ಭಾಗ ಹತ್ತಿ, ಸೆರಗು ಕೆಂಪು ರೇಷ್ಮೆ. ಮೈಯ ಹಾಸಿನ (ಉದ್ದದ) ಎಳೆಗಳನ್ನೂ ಸೆರಗಿನ ಹಾಸಿನ ಎಳೆಗಳನ್ನೂ ಕೊಂಡಿ ಹಾಕಿ ಸೇರಿಸಿ ನೇಯುತ್ತಾರೆ. ಸುತ್ತಿಕೊಳ್ಳುವಲ್ಲಿ ಹತ್ತಿ, ನಾಲ್ಕು ಜನ ನೋಡುವಲ್ಲಿ ರೇಷ್ಮೆ. ಇಂದಿನ ಮಾರ್ಕೆಟಿನಲ್ಲಿ ಇಳಕಲ್ ಹೆಸರಲ್ಲಿ ಬರುವ ಪೂರ್ತಿ ಪಾಲಿಯೆಸ್ಟರ್ ಸೀರೆ ಉಟ್ಟು, "ಹಳೇ ಕಾಲದ ಸೀರೆ ಬಹಳ ಶಕಿ" ಅಂದರೆ ಪಾಪ, ಇಳಕಲ್ ಏನು ಮಾಡೀತು.

ಸಡಿಲ ಅಂದರೆ ಆರಾಮ ಅನ್ನುವುದು ಮುಕ್ಕಾಲು ನಿಜ. ಕಪ್ಪು ಬಟ್ಟೆ ಬಿಸಿಲಿಗೆ ಆಗುವುದೇ ಇಲ್ಲ ಅಂತ ನಾವೆಲ್ಲ ಹೇಳುತ್ತೇವೆ. ಮರುಭೂಮಿಯ ಬೆದುಯಿನ್ ಜನ ಕಪ್ಪು ನಿಲುವಂಗಿಯನ್ನೇ ಯಾಕೆ ತೊಡುತ್ತಾರೆ ಅಂತ ವಿಜ್ಞಾನಿಗಳು ಅಳೆದು ನೋಡಿದ್ದು 1980ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಕಪ್ಪಾಗಲಿ ಬಿಳಿಯಾಗಲಿ, ಒಳಗಿನ ಮೈಗೆ ತಲುಪಿದ ಬಿಸಿ ಒಂದೇ. ಕಪ್ಪು ಬಟ್ಟೆ ಹೀರಿದ ಹೆಚ್ಚಿನ ಬಿಸಿ, ಸಡಿಲ ಅಂಗಿಯೊಳಗೆ ಗಾಳಿ ಆಡುವುದರಿಂದ ಮೈ ಮುಟ್ಟುವ ಮುಂಚೆಯೇ ಹೊರಹೋಗುತ್ತಿತ್ತು. ಬುರ್ಖಾ ಹೊಲಿಸುವ ನಮ್ಮ ಗಿರಾಕಿಗಳಿಗೆ ನಾನು ಇದನ್ನೇ ಹೇಳುತ್ತೇನೆ: ಬಣ್ಣದ ಚಿಂತೆ ಬಿಡಿ, ಘೇರು, ಅಂದರೆ ಕೆಳಗಿನ ಅಗಲ, ಜಾಸ್ತಿ ಇಡಿಸಿ.

ಆದರೆ ಬಗಲು ಸಡಿಲ ಇಡಿ ಅಂತ ಮಾತ್ರ ಹೇಳಬೇಡಿ. ಇಲ್ಲಿ ಲೆಕ್ಕ ಉಲ್ಟಾ. ಬಗಲು ಕೆಳಗಿಳಿದಷ್ಟೂ ಕೈ ಎತ್ತಿದಾಗ ಇಡೀ ಕುರ್ತಾ ಮೇಲೆ ಬರುತ್ತದೆ. ಸಿಟಿ ಬಸ್ಸಿನ ಕಂಬಿ ಹಿಡಿದು ನಿಂತು ನೋಡಿ, ಸೊಂಟದ ತನಕ ಏರಿರುತ್ತದೆ. ಬಗಲಿನ ಕಟಿಂಗ್ ಮೈಗೆ ಹತ್ತಿರವಾಗಿ, ಒಂದಿಷ್ಟು ಮೇಲಕ್ಕಿದ್ದು, ತೋಳಿಗೆ ಅಗಲ ಸಿಕ್ಕರೆ ಕೈ ಎತ್ತಿದರೂ ಕುರ್ತಾ ಕದಲುವುದಿಲ್ಲ. ನೋಡಲಿಕ್ಕೂ ಅದೇ ಚೆಂದ. ಸಡಿಲ ಬೇಕಿರುವುದು ಎದೆ ಸುತ್ತಳತೆಗೆ. ಎಲಾಸ್ಟಿಕ್ ಇಲ್ಲದ ಬಟ್ಟೆಯ ಕುರ್ತಾಕ್ಕೆ ಮೈ ಅಳತೆಗಿಂತ 3-4 ಇಂಚು ಜಾಸ್ತಿ ಬಿಡಿಸಿ. ಹಾಗೇ ಪಕ್ಕದ ಹೊಲಿಗೆಯಲ್ಲಿ ಒಂದು ಜೇಬು. ಇಷ್ಟು ವರ್ಷದಲ್ಲಿ ಜೇಬು ಇಟ್ಟಿದ್ದಕ್ಕೆ ಯಾವ ಹೆಣ್ಣುಮಗಳೂ ಬೇಜಾರು ಮಾಡಿಕೊಂಡಿಲ್ಲ.

ಪೂರಾ ಉಪಯೋಗಕ್ಕೆ ಅಂತಲೇ ಇರುವ ಉಡುಪು ನೋಡಬೇಕೆಂದರೆ ತೊಗರಿ ಕೊಯ್ಯುವ ಹೊತ್ತಿಗೆ ಹೊಲಕ್ಕೆ ಹೋಗಿ. ಸೀರೆ ಮೇಲೆ ಗಂಡನ ಹಳೇ ತುಂಬು ತೋಳಿನ ಅಂಗಿ, ತಲೆಗೆ ಟವೆಲ್. ಕೈ ಗೀರಲ್ಲ, ಬಿಸಿಲು ತಾಗಲ್ಲ. ಅದೇ ಹೆಂಗಸರು ಶರಣಬಸವೇಶ್ವರ ಅಪ್ಪನ ಜಾತ್ರೆಗೆ ಬರುವಾಗ ಆ ಅಂಗಿ ಕಾಣುವುದಿಲ್ಲ. ಹೊಸ ಸೀರೆ, ಮ್ಯಾಚಿಂಗ್ ಬಳೆ, ಹೂವು. ಇದನ್ನು ದಂಡದ ಖರ್ಚು ಅನ್ನುವವರ ಜೊತೆ ನನಗೆ ಮಾತು ಮುಂದುವರಿಸಲು ಇಷ್ಟವಿಲ್ಲ.

ದಂಡದ ಖರ್ಚು ಬೇರೆ ಕಡೆ ಇದೆ. 6,000 ರೂಪಾಯಿಯ ಲೆಹಂಗಾ ಎರಡು ಮದುವೆಗೆ ಉಟ್ಟರೆ ಒಂದು ಸಲಕ್ಕೆ 3,000 ಬಿತ್ತು. 1,200ರ ಚೆಂದದ ಕಾಟನ್ ಕುರ್ತಾ 60 ಸಲ ಹಾಕಿದರೆ ಒಂದು ಸಲಕ್ಕೆ 20. ಇಷ್ಟವಾದ ಬಟ್ಟೆಯನ್ನು ಮಾತ್ರ 60 ಸಲ ಹಾಕುತ್ತೇವೆ, ಆದ್ದರಿಂದ ಚೆಂದಕ್ಕೆ ಕೊಟ್ಟ ದುಡ್ಡು ಅಲ್ಲಿ ವಸೂಲಾಗುತ್ತದೆ.

ಲೆಹಂಗಾ ಬೇಡವೇ ಬೇಡ ಅಂತಲೂ ಅಲ್ಲ. ಮೇ ತಿಂಗಳ ಮದುವೆ, ಅಕ್ಕನದು, ಹುಡುಗಿಗೆ ಆಸೆ ಇರುತ್ತದೆ. ಹೊಲಿಸುವಾಗ ಒಂದು ಕೆಲಸ ಮಾಡಿ. ಒಳಗಿನಿಂದ ಉಬ್ಬಿಸುವ ಕ್ಯಾನ್‌ಕ್ಯಾನ್ ನೆಟ್ಟನ್ನು ಲೆಹಂಗಾಕ್ಕೆ ಸೇರಿಸಿ ಹೊಲಿಯದೆ, ಬೇರೆ ಪೆಟಿಕೋಟಿಗೆ ಹಚ್ಚಿ ಲಾಡಿ ಹಾಕಿಸಿ. ಕಾಲಿಗೆ ತಾಗುವ ಪದರ ಕಾಟನ್ ಇರಲಿ. ಫೋಟೋ, ಅಕ್ಷತೆ ಮುಗಿದ ಮೇಲೆ ಊಟಕ್ಕೆ ಕೂರುವ ಮುಂಚೆ ಆ ನೆಟ್ ಬಿಚ್ಚಿ ಬ್ಯಾಗಿಗೆ ಹಾಕಿದರಾಯಿತು. ಟೈಲರ್ ಇದಕ್ಕೆ ಸ್ವಲ್ಪ ಜಾಸ್ತಿ ಕೇಳಬಹುದು, ಕೊಡಿ.